ಉತ್ತ ಹೊಲದಲ್ಲಿ ಮೊಟ್ಟೆ ಒಡೆಯದ ಕಾರು: ಸಿಟ್ರೊಯೆನ್ 2ಸಿವಿ

ಯುರೋಪಿನಲ್ಲಿ ಈಗ ಹಳೇ ಚಿಕ್ಕ ಕಾರುಗಳಿಗೆ ಮರುಜನ್ಮದ ಕಾಲ. ರೆನೊ ಕಂಪನಿ 1972ರ ತನ್ನ ರೆನೊ 5 ಕಾರಿನ ಚಹರೆಯನ್ನೇ ಇಟ್ಟುಕೊಂಡು 2024ರಲ್ಲಿ ಬ್ಯಾಟರಿ ಕಾರು ತಂದಿತು. ಅದರ ಬೆನ್ನಿಗೇ ರೆನೊ 4 ಬಂತು. ಇಂಥ ಸುದ್ದಿ ಬಂದಾಗಲೆಲ್ಲ ಜೊತೆಗೆ ಇನ್ನೊಂದು ಹೆಸರು ಎದ್ದು ಬರುತ್ತದೆ: ಸಿಟ್ರೊಯೆನ್ 2ಸಿವಿ.

ಫೋಟೊ ನೋಡಿದರೆ ಮೊದಲು ನಗು ಬರುತ್ತದೆ. ಬಸವನಹುಳುವಿನಂಥ ಬೆನ್ನು. ಕಪ್ಪೆಯ ಕಣ್ಣಿನ ಹಾಗೆ ಹೊರಗೆ ನಿಂತ ಎರಡು ಹೆಡ್‌ಲೈಟು. ಆಟೋಗೆ ಹಾಕುವಂಥ ಟಾರ್ಪಾಲಿನ ಚಾವಣಿ. ಡಚ್ಚರು ಇದನ್ನು 'ಕುರೂಪಿ ಬಾತುಕೋಳಿ' ಅಂದರು, ಜರ್ಮನರು ಸುಮ್ನೆ 'ಬಾತುಕೋಳಿ' ಅಂದರು. ಆದರೂ ಇದು ನಾಲ್ಕು ದಶಕ ತಯಾರಾಯಿತು. ಕಾರುಗಳೇ 38 ಲಕ್ಷಕ್ಕಿಂತ ಜಾಸ್ತಿ, ಇದೇ ಮೈಕಟ್ಟಿನ ವ್ಯಾನುಗಳು 12 ಲಕ್ಷಕ್ಕಿಂತ ಜಾಸ್ತಿ. ಇದರ ಒಂದೊಂದು ವಿಚಿತ್ರದ ಹಿಂದೆಯೂ ಒಂದು ಲೆಕ್ಕ ಇದೆ. ಅದನ್ನು ಬಿಡಿಸಿ ನೋಡೋಣ.

ಎರಡು ಕುದುರೆ ಎಂದರೆ ಎರಡೇ ಕುದುರೆ ಅಲ್ಲ

2ಸಿವಿ ಅನ್ನುವುದನ್ನು ಫ್ರೆಂಚರು 'ದೊ ಶ್ವೊ' ಎಂದು ಓದುತ್ತಾರೆ. ಅರ್ಥ, ಎರಡು ಕುದುರೆ. ಹಾಗಂತ ಎಂಜಿನ್ ಶಕ್ತಿ ಎರಡೇ ಅಶ್ವಶಕ್ತಿ ಅಂದುಕೊಳ್ಳಬೇಡಿ. ಇದು ತೆರಿಗೆಯ ಕುದುರೆ.

ಫ್ರಾನ್ಸ್‌ನಲ್ಲಿ ವಾಹನ ತೆರಿಗೆ ಹಾಕಲು ಒಂದು ಸೂತ್ರ ಇತ್ತು. ಎಂಜಿನ್ ಸಿಲಿಂಡರುಗಳ ಗಾತ್ರವನ್ನು ಮುಖ್ಯವಾಗಿ ಹಿಡಿದು ಕಾರಿಗೆ ಇಷ್ಟು 'ತೆರಿಗೆ ಕುದುರೆ' ಎಂದು ಅಂಕ ಕೊಡುತ್ತಿದ್ದರು. ಅಂಕ ಕಮ್ಮಿಯಾದರೆ ತೆರಿಗೆಯೂ ಕಮ್ಮಿ. 1948ರ ಮೊದಲ 2ಸಿವಿಯ ಎಂಜಿನ್ 375 ಸಿಸಿ, ಅದಕ್ಕೆ ಬಿದ್ದ ಅಂಕ ಎರಡು. ನಿಜವಾದ ಶಕ್ತಿ 9 ಅಶ್ವಶಕ್ತಿ. ಇವತ್ತಿನ ನಮ್ಮ 100 ಸಿಸಿ ಬೈಕಿಗಿಂತ ಒಂದು ಚೂರು ಜಾಸ್ತಿ, ಅಷ್ಟೆ.

ಮುಂದೆ ಎಂಜಿನ್ ಬೆಳೆದು 602 ಸಿಸಿ ಆದಾಗ ಅದು ಮೂರು ಕುದುರೆಯ ತೆರಿಗೆಗೆ ಬಂತು. ಹೆಸರು ಮಾತ್ರ ಎರಡರಲ್ಲೇ ಉಳಿಯಿತು.

ರೈತನಿಗೊಂದು ಕಾರು

ಕಂಪನಿ ಕಟ್ಟಿದ ಆಂಡ್ರೆ ಸಿಟ್ರೊಯೆನ್ ಮೊದಲು ಹಲ್ಲುಚಕ್ರ ತಯಾರಿಸುತ್ತಿದ್ದವರು. ವಿ ಆಕಾರದ ಹಲ್ಲಿನ ಗೇರು ಅವರ ಸರಕು. ಈಗ ನಮ್ಮ ರಸ್ತೆಗಳಲ್ಲೂ ಕಾಣುವ ಸಿಟ್ರೊಯೆನ್ ಕಾರುಗಳ ಮೂತಿಯ ಮೇಲಿರುವ ಎರಡು ತಲೆಕೆಳಗಾದ 'ವಿ' ಅದೇ ಹಲ್ಲಿನ ಗುರುತು. 1919ರಲ್ಲಿ ಅವರು ಕಾರಿನ ವ್ಯಾಪಾರಕ್ಕೆ ಇಳಿದರು. ಧಾರಾಳಿ ಮನುಷ್ಯ, ಸಾಲಕ್ಕೆ ಹೆದರುತ್ತಿರಲಿಲ್ಲ. 1934ರಲ್ಲಿ ಕಂಪನಿ ದಿವಾಳಿ ಎದ್ದಿತು. ಅದಕ್ಕೆ ಅತಿ ದೊಡ್ಡ ಸಾಲ ಕೊಟ್ಟವರಲ್ಲೊಂದು ಟೈರ್ ತಯಾರಿಸುವ ಮಿಶೆಲಿನ್ ಕಂಪನಿ, ಅದು ಸಿಟ್ರೊಯೆನ್ ಅನ್ನು ವಶಕ್ಕೆ ತೆಗೆದುಕೊಂಡಿತು. ಮರುವರ್ಷ ಆಂಡ್ರೆ ತೀರಿಕೊಂಡರು.

ಟೈರ್ ಕಂಪನಿಯ ಕಣ್ಣಿಗೆ ಕಾರು ಕಂಡದ್ದು ಬೇರೆ ಥರ. ಕಾರು ಜಾಸ್ತಿಯಾದರೆ ಟೈರೂ ಜಾಸ್ತಿ ಖರ್ಚಾಗುತ್ತದೆ ಅಲ್ವಾ? ಆಗಿನ ಫ್ರಾನ್ಸ್‌ನಲ್ಲಿ ಹಳ್ಳಿಗರ ಸಂಖ್ಯೆ ದೊಡ್ಡದು, ಅವರಲ್ಲಿ ಬಹುಪಾಲು ಮಂದಿ ಸಂತೆಗೆ ಹೋಗುತ್ತಿದ್ದುದು ಕುದುರೆ ಗಾಡಿಯಲ್ಲಿ, ಕೈಗಾಡಿಯಲ್ಲಿ, ಸೈಕಲ್ಲಿನಲ್ಲಿ. ಅವರನ್ನು ಕಾರಿಗೆ ಹತ್ತಿಸಬೇಕು. ಈ ಕೆಲಸಕ್ಕೆ ನಿಂತವರು ಮಿಶೆಲಿನ್ ಕಡೆಯಿಂದ ಬಂದ ಪಿಯೆರ್-ಜೂಲ್ ಬೂಲಾಂಜೆ.

ಬೂಲಾಂಜೆ ಎಂಜಿನಿಯರುಗಳ ಮುಂದಿಟ್ಟ ಬೇಡಿಕೆ ಕಾರಿನ ಇತಿಹಾಸದಲ್ಲೇ ಹೆಸರುವಾಸಿ. ಮರದ ಚಪ್ಪಲಿ ಹಾಕಿದ ಇಬ್ಬರು ರೈತರು ಕೂರಬೇಕು. ಜೊತೆಗೆ 50 ಕೆಜಿ ಆಲೂಗಡ್ಡೆ ಅಥವಾ ಒಂದು ಸಣ್ಣ ಪೀಪಾಯಿ. ವೇಗ ಗಂಟೆಗೆ 60 ಕಿಲೋಮೀಟರು. 100 ಕಿಲೋಮೀಟರಿಗೆ 3 ಲೀಟರಿಗಿಂತ ಜಾಸ್ತಿ ಪೆಟ್ರೋಲು ಕುಡಿಯಬಾರದು. ಒಂದು ಬುಟ್ಟಿ ಮೊಟ್ಟೆ ಇಟ್ಟುಕೊಂಡು ಉತ್ತ ಹೊಲದ ಮೇಲೆ ಓಡಿಸಿದರೆ ಒಂದೂ ಒಡೆಯಬಾರದು. ಚೆಂದ ಹೇಗಿರಬೇಕು? ಅದು ಮುಖ್ಯವಲ್ಲ.

ಯೋಜನೆಗೆ ಇಟ್ಟ ಹೆಸರು 'ಟಿಪಿವಿ', ಅಂದರೆ 'ತೀರಾ ಪುಟ್ಟ ಕಾರು'. ಎಂಜಿನಿಯರುಗಳ ಮುಖಂಡ ಆಂಡ್ರೆ ಲೆಫೆವ್ರ್ ಹಿಂದೆ ವಿಮಾನದ ಕೆಲಸ ಮಾಡಿದ್ದವರು. ಹಾಗಾಗಿ ಒಂದೊಂದು ಗ್ರಾಂ ಉಳಿಸುವ ಚಟ. ಮೈಯ ರೂಪ ಕೊಟ್ಟವರು ಇಟಲಿಯ ಶಿಲ್ಪಿ ಫ್ಲಾಮಿನಿಯೊ ಬರ್ಟೋನಿ. ಬೂಲಾಂಜೆ ಉದ್ದನೆಯ ಆಳು. ಮಾದರಿ ಕಾರು ತಯಾರಾದಾಗಲೆಲ್ಲ ಟೊಪ್ಪಿ ಹಾಕಿಕೊಂಡೇ ಒಳಗೆ ಕೂತು ನೋಡುತ್ತಿದ್ದರು, ಟೊಪ್ಪಿ ಚಾವಣಿಗೆ ತಾಗಿದರೆ ಆ ಮಾದರಿ ವಾಪಸ್ ಎನ್ನುವ ಕಥೆ ಇದೆ. ಕಥೆ ಎಷ್ಟು ನಿಜವೋ, 2ಸಿವಿಯ ಚಾವಣಿ ಎತ್ತರವಾಗಿ ಬಾಗಿರುವುದಂತೂ ಹೌದು.

ಯುದ್ಧ ಬಂತು

1939ರಲ್ಲಿ ಸುಮಾರು 250 ಟಿಪಿವಿಗಳು ತಯಾರಾದವು. ಮೈಯಲ್ಲಿ ಅಲ್ಯೂಮಿನಿಯಮ್, ಮೆಗ್ನೀಸಿಯಮ್. ಸೀಟುಗಳು ಜೋಲಿಯ ಹಾಗೆ ಚಾವಣಿಯಿಂದ ತೂಗುವಂಥವು. ಹೆಡ್‌ಲೈಟು ಒಂದೇ! ಕಾನೂನು ಎರಡು ಕೇಳುವುದಿಲ್ಲ ಅಂದಮೇಲೆ ಎರಡನೆಯದರ ಖರ್ಚು ಯಾಕೆ ಎನ್ನುವ ಲೆಕ್ಕ. ಅಕ್ಟೋಬರಿನಲ್ಲಿ ಪ್ಯಾರಿಸ್ ಕಾರು ಪ್ರದರ್ಶನದಲ್ಲಿ ಬಿಡುಗಡೆ ಎಂದು ನಿಕ್ಕಿಯಾಗಿತ್ತು. ಸೆಪ್ಟೆಂಬರ್ 3ಕ್ಕೆ ಫ್ರಾನ್ಸ್ ಯುದ್ಧ ಸಾರಿತು. ಪ್ರದರ್ಶನ ರದ್ದು.

ಜರ್ಮನರು ಪ್ಯಾರಿಸಿಗೆ ಬಂದಮೇಲೆ ಈ ಕಾರುಗಳು ಅವರ ಕೈಗೆ ಸಿಗಬಾರದು ಎಂದು ಬಹುಪಾಲನ್ನು ಒಡೆದು ಹಾಕಿದರು, ಕೆಲವನ್ನು ಬಚ್ಚಿಟ್ಟರು. ಬಚ್ಚಿಟ್ಟವುಗಳ ವಿಷಯ ಕೊನೆಗೆ ಹೇಳುತ್ತೇನೆ.

ಯುದ್ಧದ ದಿನಗಳಲ್ಲೂ ಕದ್ದುಮುಚ್ಚಿ ಕೆಲಸ ನಡೆಯಿತು. ಒಂದು ರೀತಿಯಲ್ಲಿ ಈ ತಡದಿಂದ ಕಾರಿಗೆ ಒಳ್ಳೆಯದೇ ಆಯಿತು. ಅಲ್ಯೂಮಿನಿಯಮ್ ತುಂಬಾ ದುಬಾರಿ ಎಂದು ಗೊತ್ತಾಗಿ ತೆಳು ಉಕ್ಕಿನ ತಗಡಿಗೆ ಬಂದರು. ಚಳಿಗೆ ತೊಂದರೆ ಕೊಡುತ್ತಿದ್ದ ನೀರಿನ ಎಂಜಿನ್ ಹೋಗಿ, ವಾಲ್ಟರ್ ಬೆಕಿಯಾ ಮಾಡಿದ ಗಾಳಿಯಲ್ಲೇ ತಣಿಯುವ ಎಂಜಿನ್ ಬಂತು. ಎರಡನೇ ಹೆಡ್‌ಲೈಟೂ ಬಂತು. 1948ರ ಅಕ್ಟೋಬರ್ 7ರಂದು ಪ್ಯಾರಿಸ್ ಪ್ರದರ್ಶನದಲ್ಲಿ ಪರದೆ ಸರಿಸಿದಾಗ ಕಂಡದ್ದು ಬೂದು ಬಣ್ಣದ 2ಸಿವಿ.

ಮೊಟ್ಟೆಯ ಗುಟ್ಟು

ಈ ಕಾರಿನಲ್ಲಿ ನಿಜವಾದ ಜಾಣತನ ಇರುವುದು ಕಣ್ಣಿಗೆ ಬೀಳದ ಜಾಗದಲ್ಲಿ, ಅಡಿಯಲ್ಲಿ. ಸ್ವಲ್ಪ ನಿಧಾನವಾಗಿ ಓದಿ.

ಮಾಮೂಲಿ ಕಾರಿನಲ್ಲಿ ನಾಲ್ಕು ಚಕ್ರಕ್ಕೂ ಬೇರೆ ಬೇರೆ ಸ್ಪ್ರಿಂಗು. ಮುಂದಿನ ಚಕ್ರ ಹಂಪ್ ಹತ್ತಿದಾಗ ಕಾರಿನ ಮೂತಿ ಮೇಲೇಳುತ್ತದೆ. ಅರೆಕ್ಷಣದ ನಂತರ ಹಿಂದಿನ ಚಕ್ರ ಹತ್ತುತ್ತದೆ, ಆಗ ಹಿಂಭಾಗ ಏಳುತ್ತದೆ, ಮೂತಿ ಕೆಳಗಿಳಿಯುತ್ತದೆ. ಹೀಗೆ ಕಾರು ಮುಂದಕ್ಕೂ ಹಿಂದಕ್ಕೂ ತಲೆದೂಗುತ್ತದೆ. ಹೊಟ್ಟೆ ತೊಳಸುವುದು, ಮೊಟ್ಟೆ ಉರುಳುವುದು ಇದರಿಂದಲೇ.

ಈಗ ದೇವರ ಪಲ್ಲಕ್ಕಿ ಹೊರುವವರನ್ನು ನೆನಪಿಸಿಕೊಳ್ಳಿ. ಮುಂದಿನವರು ಮೆಟ್ಟಿಲು ಹತ್ತಿದರು ಅನ್ನಿ. ಹಿಂದಿನವರು ಸುಮ್ಮನಿದ್ದರೆ ಪಲ್ಲಕ್ಕಿ ಹಿಂದಕ್ಕೆ ವಾಲುತ್ತದೆ. ಅನುಭವ ಇದ್ದವರು ಏನು ಮಾಡುತ್ತಾರೆ? ಮುಂದಿನವರು ಏರಿದ ಕೂಡಲೇ ಹಿಂದಿನವರೂ ಬೊಂಬನ್ನು ಮೇಲಕ್ಕೆತ್ತುತ್ತಾರೆ. ಪಲ್ಲಕ್ಕಿ ಸಮನಾಗಿ ನಿಲ್ಲುತ್ತದೆ. 2ಸಿವಿ ಮಾಡುವುದು ಇದನ್ನೇ.

ಹೇಗೆ? ಕಾರಿನ ಎಡಕ್ಕೊಂದು, ಬಲಕ್ಕೊಂದು, ಬಾಗಿಲುಗಳ ಅಡಿಯಲ್ಲಿ ಉದ್ದುದ್ದ ಮಲಗಿಸಿದ ಕೊಳವೆ ಇದೆ. ಒಂದೊಂದು ಕೊಳವೆಯೊಳಗೂ ಎರಡು ಸ್ಪ್ರಿಂಗು, ಒಂದು ಮುಂದಿನ ಚಕ್ರಕ್ಕೆ, ಇನ್ನೊಂದು ಹಿಂದಿನದಕ್ಕೆ. ಚಕ್ರಗಳು ಉದ್ದನೆಯ ತೋಳಿನ ತುದಿಯಲ್ಲಿವೆ. ಮುಂದಿನ ತೋಳು ಮುಂದಕ್ಕೆ ಚಾಚಿದೆ, ಹಿಂದಿನದು ಹಿಂದಕ್ಕೆ. ತೋಳಿನಿಂದ ಒಂದು ಸರಳು ಹೊರಟು ಕೊಳವೆಯೊಳಗಿನ ಸ್ಪ್ರಿಂಗಿಗೆ ಸೇರುತ್ತದೆ.

ಮುಂದಿನ ಚಕ್ರ ದಿಣ್ಣೆ ಹತ್ತಿತು ಅಂದುಕೊಳ್ಳಿ. ತೋಳು ತಿರುಗಿ ಸರಳನ್ನು ಮುಂದಕ್ಕೆ ಎಳೆಯುತ್ತದೆ. ಸ್ಪ್ರಿಂಗು ಅದುಮಿಕೊಳ್ಳುತ್ತದೆ. ಕೊಳವೆಯನ್ನು ಬಿಗಿಯಾಗಿ ಕಟ್ಟಿಲ್ಲ, ಅದಕ್ಕೆ ಹಿಂದೆ ಮುಂದೆ ಸ್ವಲ್ಪ ಸರಿಯುವ ಸಡಿಲ ಇದೆ. ಹಾಗಾಗಿ ಅದೂ ಮುಂದಕ್ಕೆ ಸರಿಯುತ್ತದೆ. ಸರಿಯುವಾಗ ಹಿಂದಿನ ಸ್ಪ್ರಿಂಗನ್ನೂ ಒತ್ತಿ, ಹಿಂದಿನ ಸರಳನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಹಿಂದಿನ ತೋಳು ಚಕ್ರವನ್ನು ನೆಲಕ್ಕೆ ಒತ್ತುತ್ತದೆ, ಕಾರಿನ ಹಿಂಭಾಗ ಏಳುತ್ತದೆ. ಮೂತಿಯ ಜೊತೆಗೆ ಬೆನ್ನೂ ಎದ್ದಿತು, ಬುಟ್ಟಿ ಸಮನಾಗೇ ಉಳಿಯಿತು. ಪಂಪಿಲ್ಲ, ಎಣ್ಣೆಯ ಪೈಪಿಲ್ಲ. ಬರೀ ಸರಳು, ಸ್ಪ್ರಿಂಗು.

ಇನ್ನೊಂದು ತಾಪತ್ರಯ ಇತ್ತು. ಮೆತ್ತನೆಯ ಸ್ಪ್ರಿಂಗಿನ ಚಕ್ರ ಉಬ್ಬುತಗ್ಗಿನಲ್ಲಿ ಚೆಂಡಿನಂತೆ ಪುಟಿಯುತ್ತದೆ. ಅದಕ್ಕೆ ಒಂದೊಂದು ಚಕ್ರದ ಬಳಿಯೂ ಒಂದು ಡಬ್ಬಿ ಕೂರಿಸಿದರು. ಡಬ್ಬಿಯೊಳಗೆ ಸ್ಪ್ರಿಂಗಿನ ಮೇಲೆ ಕೂತ ಒಂದು ಭಾರದ ಗುಂಡು. ಚಕ್ರ ಮೇಲೆ ಜಿಗಿದಾಗ ಗುಂಡು ತನ್ನ ಭಾರಕ್ಕೆ ಹಿಂದೆ ಉಳಿದು ಚಕ್ರವನ್ನು ಕೆಳಕ್ಕೆ ಜಗ್ಗುತ್ತದೆ. ಓಡಿಹೋಗುವ ತುಂಟ ದನದ ಕೊರಳಿಗೆ ಹಳ್ಳಿಯಲ್ಲಿ ಮರದ ತುಂಡು ಕಟ್ಟುತ್ತಾರಲ್ಲ, ಹೆಚ್ಚುಕಮ್ಮಿ ಅದೇ ಉಪಾಯ. ಮುಂದೆ ಮಾಮೂಲಿ ಶಾಕ್ ಅಬ್ಸಾರ್ಬರ್ ಬಂದಮೇಲೆ ಈ ಡಬ್ಬಿಗಳು ಹೋದವು.

ಇಷ್ಟು ಮೆತ್ತಗಿರುವುದಕ್ಕೆ ಬೆಲೆಯೂ ಇದೆ. ತಿರುವಿನಲ್ಲಿ 2ಸಿವಿ ಹೇಗೆ ವಾಲುತ್ತದೆ ಎಂದರೆ, ನೋಡುವವರಿಗೆ ಈಗ ಬಿತ್ತು ಅನ್ನಿಸುತ್ತದೆ. ಬೀಳುವುದು ಮಾತ್ರ ಸುಲಭವಿಲ್ಲ. ಎಂಜಿನ್, ಗೇರ್‌ಬಾಕ್ಸು, ಚಾಸಿ ಎಲ್ಲ ನೆಲದ ಹತ್ತಿರ ಇವೆ, ಮೇಲಿರುವುದು ತೆಳು ತಗಡು ಮತ್ತು ಬಟ್ಟೆ. ಭಾರ ಕೆಳಗಿದ್ದದ್ದು ಬೇಗ ಮಗುಚುವುದಿಲ್ಲ.

ಚಪ್ಪಾಳೆ ತಟ್ಟುವ ಎಂಜಿನ್

ಬಾನೆಟ್ ಎತ್ತಿದರೆ ಎಂಜಿನ್ ಎಲ್ಲಿ ಎಂದು ಹುಡುಕಬೇಕು, ಅಷ್ಟು ಚಿಕ್ಕದು. ಸಿಲಿಂಡರು ಎರಡೇ. ಒಂದು ಎಡಕ್ಕೆ ಮಲಗಿದೆ, ಇನ್ನೊಂದು ಬಲಕ್ಕೆ. ಎರಡು ಪಿಸ್ಟನ್‌ಗಳೂ ಒಟ್ಟಿಗೆ ಹೊರಗೆ ಹೋಗುತ್ತವೆ, ಒಟ್ಟಿಗೆ ಒಳಗೆ ಬರುತ್ತವೆ. ಚಪ್ಪಾಳೆ ತಟ್ಟುವಾಗ ನಮ್ಮ ಮೈ ಅಲ್ಲಾಡುವುದಿಲ್ಲ, ಒಂದೇ ಕೈ ಬೀಸಿದರೆ ಅಲ್ಲಾಡುತ್ತದೆ. ಅದೇ ನ್ಯಾಯ ಇಲ್ಲಿ: ಒಂದು ಪಿಸ್ಟನ್ನಿನ ಒದೆತವನ್ನು ಇನ್ನೊಂದರ ಒದೆತ ಸರಿದೂಗಿಸುತ್ತದೆ.

ರೇಡಿಯೇಟರ್ ಇಲ್ಲ, ನೀರಿಲ್ಲ. ಬೈಕಿನ ಎಂಜಿನ್ನಿನಂತೆ ಸಿಲಿಂಡರಿನ ಸುತ್ತ ಪದರ ಪದರವಾದ ಲೋಹದ ರೆಕ್ಕೆಗಳು. ಎಂಜಿನ್ನಿನ ಮುಂದೆಯೇ ಒಂದು ಫ್ಯಾನು, ಎಂಜಿನ್ ತಿರುಗಿದರೆ ಅದೂ ತಿರುಗುತ್ತದೆ, ನಡುವೆ ಬೆಲ್ಟ್ ಇಲ್ಲ. ಬಿಸಿ ಗಾಳಿಯನ್ನು ಚಳಿಗಾಲದಲ್ಲಿ ಕಾರಿನೊಳಗೆ ಬಿಡಬಹುದು.

ಸ್ಪಾರ್ಕಿನ ವಿಷಯದಲ್ಲೂ ಇದೇ ಥರ ಯೋಚನೆ. ಆ ಕಾಲದ ಎಂಜಿನ್‌ಗಳಲ್ಲಿ ಯಾವ ಸಿಲಿಂಡರಿಗೆ ಯಾವಾಗ ಕಿಡಿ ಹೋಗಬೇಕು ಎಂದು ಹಂಚುವ ಡಿಸ್ಟ್ರಿಬ್ಯೂಟರ್ ಎನ್ನುವ ಭಾಗ ಇರುತ್ತಿತ್ತು. ಕೈಕೊಡುವುದರಲ್ಲಿ ಅದಕ್ಕೆ ಮೊದಲ ಸ್ಥಾನ. 2ಸಿವಿಯಲ್ಲಿ ಅದನ್ನು ತೆಗೆದೇ ಹಾಕಿದರು. ಎರಡೂ ಸಿಲಿಂಡರಿಗೆ ಒಂದೇ ಸಲಕ್ಕೆ ಕಿಡಿ. ಒಂದರಲ್ಲಿ ಪೆಟ್ರೋಲು ಉರಿಯುತ್ತದೆ. ಇನ್ನೊಂದು ಆ ಹೊತ್ತಿಗೆ ಹೊಗೆ ಹೊರಗೆ ಹಾಕುತ್ತಿರುತ್ತದೆ, ಅಲ್ಲಿನ ಕಿಡಿ ದಂಡ. ಕಿಡಿ ದಂಡವಾದರೆ ನಷ್ಟ ಇಲ್ಲ, ಕೆಡುವ ಭಾಗವೊಂದು ಇಲ್ಲದಿರುವುದು ದೊಡ್ಡ ಲಾಭ.

ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಗೇರು ನಾಲ್ಕು. ಗೇರಿನ ಹಿಡಿ ಕೊಡೆಯ ಹಿಡಿಯಂತೆ ಡ್ಯಾಶ್‌ಬೋರ್ಡಿನಿಂದ ಹೊರಗೆ ಬಂದಿದೆ. ಅದನ್ನು ತಳ್ಳಬೇಕು, ಎಳೆಯಬೇಕು, ಒಂಚೂರು ತಿರುಚಬೇಕು. ಹೊಸಬರಿಗೆ ಕೊಡೆ ಬಿಚ್ಚಲು ಒದ್ದಾಡಿದ ಹಾಗೆ ಕಾಣುತ್ತದೆ. ಹಿಡಿಯ ಸರಳು ನೇರವಾಗಿ ಮುಂದಕ್ಕೆ ಹೋಗಿ ಗೇರ್‌ಬಾಕ್ಸ್ ಸೇರುತ್ತದೆ. ನೆಲದಲ್ಲಿ ಗೇರಿನ ಕೋಲಿಲ್ಲದ್ದರಿಂದ ಮರದ ಚಪ್ಪಲಿಯ ಕಾಲಿಗೆ ಜಾಗ ಉಳಿಯಿತು.

ಏನೇನು ಬಿಟ್ಟರು

ಮೊದಲ 2ಸಿವಿಯ ತೂಕ ಸುಮಾರು 500 ಕೆಜಿ. ನಮ್ಮ ಮಾರುತಿ 800 ಕೂಡ ಇದಕ್ಕಿಂತ ನೂರಕ್ಕೂ ಹೆಚ್ಚು ಕೆಜಿ ಜಾಸ್ತಿ ತೂಗುತ್ತಿತ್ತು, ಉದ್ದದಲ್ಲಿ ಅದೇ ಚಿಕ್ಕದು. ತೂಕ ಇಳಿದದ್ದು ಬಿಟ್ಟುಕೊಟ್ಟ ವಸ್ತುಗಳಿಂದ.

ಕಿಟಕಿಯ ಗಾಜು ಇಳಿಸಲು ಹ್ಯಾಂಡಲ್, ಹಲ್ಲುಚಕ್ರ ಬೇಕು, ಬಾಗಿಲೂ ದಪ್ಪಗಿರಬೇಕು. ಅದಕ್ಕೆ ಗಾಜನ್ನು ಅಡ್ಡಕ್ಕೆ ಎರಡು ಭಾಗ ಮಾಡಿ, ಕೆಳಗಿನ ಅರ್ಧವನ್ನು ಹೊರಗಿನಿಂದ ಮೇಲಕ್ಕೆ ಮಡಚುವ ಹಾಗೆ ಮಾಡಿದರು. ಚಾವಣಿ ಬಟ್ಟೆಯದ್ದು, ಚಾಪೆಯಂತೆ ಸುತ್ತಿಡಬಹುದು. ಬಿಸಿಲು ಬೇಕೆಂದರೂ ತೆಗೆಯಬಹುದು, ಎತ್ತರದ ಪೆಟ್ಟಿಗೆ ಸಾಗಿಸಬೇಕೆಂದರೂ ತೆಗೆಯಬಹುದು. ಶುರುವಿನಲ್ಲಿ ಡಿಕ್ಕಿಗೂ ಬಟ್ಟೆಯೇ. ಸೀಟು ಅಂದರೆ ಕಬ್ಬಿಣದ ಕೊಳವೆಯ ಚೌಕಟ್ಟು, ಅದಕ್ಕೆ ರಬ್ಬರ್ ಪಟ್ಟಿಗಳು, ಮೇಲೆ ಬಟ್ಟೆ. ನಮ್ಮ ನವಾರಿನ ಮಂಚದ ಹತ್ತಿರದ ಸಂಬಂಧಿ. ಎತ್ತಿ ಹೊರಗಿಟ್ಟು ಮರದ ನೆರಳಲ್ಲಿ ಊಟಕ್ಕೂ ಕೂರಬಹುದು.

ಪೆಟ್ರೋಲ್ ಎಷ್ಟಿದೆ ನೋಡಲು ಮೊದಲ ಕಾರುಗಳಲ್ಲಿ ಮೀಟರ್ ಇಲ್ಲ, ಟ್ಯಾಂಕಿಗೆ ಕಡ್ಡಿ ಅದ್ದಿ ನೋಡಬೇಕು. ಕೈಯಲ್ಲಿ ತಿರುಗಿಸಿ ಸ್ಟಾರ್ಟ್ ಮಾಡುವ ಹ್ಯಾಂಡಲ್ಲೇ ಚಕ್ರದ ನಟ್ಟು ಬಿಚ್ಚುವ ಸ್ಪ್ಯಾನರು ಕೂಡ.

ನನಗೆ ತುಂಬಾ ಇಷ್ಟವಾದದ್ದು ವೈಪರಿನ ಕಥೆ. ಪ್ರತ್ಯೇಕ ಮೋಟಾರಿಗೆ ದುಡ್ಡು ಯಾಕೆ ಎಂದು, ವೇಗ ತೋರಿಸುವ ಮೀಟರಿನ ಕೇಬಲ್ಲಿಗೇ ವೈಪರನ್ನು ಜೋಡಿಸಿದರು. ಕಾರು ಜೋರಾಗಿ ಓಡಿದರೆ ವೈಪರೂ ಜೋರು, ನಿಧಾನಿಸಿದರೆ ಅದೂ ನಿಧಾನ. ಸಿಗ್ನಲ್ಲಿನಲ್ಲಿ ನಿಂತರೆ? ಅದೂ ನಿಲ್ಲುತ್ತದೆ. ಆಗ ಮಳೆ ಹೊಯ್ಯುತ್ತಿದ್ದರೆ ಒಳಗಿನ ಗುಂಡಿಯನ್ನು ಕೈಯಲ್ಲೇ ತಿರುಗಿಸುತ್ತಾ ಕೂರಬೇಕು. ಜಿಪುಣತನ ಅಂದರೆ ಇದು ಅನ್ನಬಹುದು. ಆದರೆ ಅದೇ ಕಾರಿನಲ್ಲಿ ಹೆಡ್‌ಲೈಟನ್ನು ಒಳಗಿನಿಂದಲೇ ಬಗ್ಗಿಸುವ ತಿರುಪು ಇತ್ತು. ಹಿಂದೆ ಆಲೂಗಡ್ಡೆ ಮೂಟೆ ಹೇರಿದಾಗ ಮೂತಿ ಎದ್ದು ಬೆಳಕು ಆಕಾಶಕ್ಕೆ ಹೋಗುತ್ತದಲ್ಲ, ಅದನ್ನು ಮತ್ತೆ ರಸ್ತೆಗೆ ಇಳಿಸಲು.

ರಿಪೇರಿಗೂ ಇದೇ ಲೆಕ್ಕ. ಮುಂದಿನ ಮಡ್‌ಗಾರ್ಡ್ ಒಂದಷ್ಟು ಬೋಲ್ಟು ಬಿಚ್ಚಿದರೆ ಕೈಗೆ ಬರುತ್ತದೆ. ಬಾಗಿಲನ್ನು ಕೀಲಿನಿಂದ ಮೇಲಕ್ಕೆ ಜಾರಿಸಿ ತೆಗೆಯಬಹುದು. ಊರಿನ ಕಮ್ಮಾರನೂ ಕೈ ಹಾಕಬಹುದಾದ ಕಾರು.

ನಗುವವರು ನಕ್ಕರು, ಬೇಕಾದವರು ಕಾದರು

ಪತ್ರಕರ್ತರಲ್ಲಿ ಹಲವರು ಇದನ್ನು ಗೇಲಿ ಮಾಡಿದರು. ಕೊಳ್ಳುವವರ ಸಾಲು ಮಾತ್ರ ಬೆಳೆಯುತ್ತಲೇ ಹೋಯಿತು. ಯುದ್ಧ ಮುಗಿದ ದೇಶದಲ್ಲಿ ಉಕ್ಕಿಗೆ ಬರ, ತಯಾರಾಗುತ್ತಿದ್ದ ಕಾರು ಕಮ್ಮಿ. ಕಾಯುವ ಅವಧಿ ಮೂರು ವರ್ಷ, ಆಮೇಲೆ ಐದು ವರ್ಷಕ್ಕೂ ಹೋಯಿತು. ಹಳ್ಳಿಯ ಡಾಕ್ಟರು, ಪಶುವೈದ್ಯರು, ಸೂಲಗಿತ್ತಿಯರು, ಪಾದ್ರಿಗಳು, ಸಣ್ಣ ರೈತರು, ಇಂಥವರಿಗೆ ಮೊದಲ ಅವಕಾಶ. ಸೆಕೆಂಡ್ ಹ್ಯಾಂಡ್ 2ಸಿವಿಗೆ ಹೊಸದಕ್ಕಿಂತ ಜಾಸ್ತಿ ಬೆಲೆ ಇತ್ತು, ಕಾಯುವುದು ತಪ್ಪುತ್ತದಲ್ಲ. ಬಜಾಜ್ ಚೇತಕ್‌ಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬೂಲಾಂಜೆ ಈ ಗೆಲುವನ್ನು ಪೂರ್ತಿ ನೋಡಲಿಲ್ಲ. 1950ರ ನವೆಂಬರಿನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು.

1951ರಲ್ಲಿ ವ್ಯಾನು ಬಂತು. 1960ರ ಹೊತ್ತಿಗೆ 'ಸಹಾರಾ' ಎನ್ನುವ ಒಂದು ಅವತಾರ ಬಂತು. ಮರಳಿನಲ್ಲಿ ನಾಲ್ಕೂ ಚಕ್ರ ತಿರುಗಬೇಕು. ಮಾಮೂಲಿ ದಾರಿ ಬಿಟ್ಟು ಸಿಟ್ರೊಯೆನ್ ಹಿಂದೆ ಡಿಕ್ಕಿಯಲ್ಲಿ ಇನ್ನೊಂದು ಎಂಜಿನ್ನನ್ನೇ ಕೂರಿಸಿತು! ಮುಂದಿನ ಚಕ್ರಕ್ಕೊಂದು, ಹಿಂದಿನದಕ್ಕೊಂದು. ತಯಾರಾದದ್ದು 694 ಮಾತ್ರ. ಹುಡುಗರು ಇದೇ ಅಗ್ಗದ ಕಾರಿನಲ್ಲಿ ಖಂಡಗಳನ್ನು ದಾಟಿದರು. 1970ರಲ್ಲಿ ಸಿಟ್ರೊಯೆನ್ ಕಂಪನಿಯೇ ಪ್ಯಾರಿಸ್‌ನಿಂದ ಕಾಬೂಲಿಗೆ ಹೋಗಿ ಬರುವ ಯಾತ್ರೆ ಏರ್ಪಡಿಸಿತು. 1973ರಲ್ಲಿ ತೈಲದ ಬೆಲೆ ಏರಿದಾಗ, ಮುದುಕ ಅನ್ನಿಸಿಕೊಂಡಿದ್ದ ಕಾರಿಗೆ ಮತ್ತೆ ಗಿರಾಕಿಗಳು ಮುಗಿಬಿದ್ದರು.

ನಿಂತದ್ದು ಯಾಕೆ

1980ರ ದಶಕಕ್ಕೆ ಕಾಲ ಬದಲಾಯಿತು. ತೆಳು ತಗಡಿನ ಕಾರು ಡಿಕ್ಕಿ ಹೊಡೆದಾಗ ಒಳಗಿನವರನ್ನು ಕಾಪಾಡುವುದು ಕಷ್ಟ. ಹೊಗೆಯ ನಿಯಮಗಳು ಬಿಗಿಯಾದವು, ಹಳೆಯ ಎಂಜಿನ್ ಅದಕ್ಕೆ ಒಗ್ಗುವಂತಿರಲಿಲ್ಲ. ಫ್ರಾನ್ಸಿನ ಹಳ್ಳಿಗರೂ ಈಗ ಹೆದ್ದಾರಿಯಲ್ಲಿ ಓಡಾಡುತ್ತಿದ್ದರು. ಅಲ್ಲದೆ ಈ ಕಾರನ್ನು ಕೈಯಲ್ಲಿ ಜೋಡಿಸುವ ಕೆಲಸ ಜಾಸ್ತಿ, ಹೊಸ ಕಾರ್ಖಾನೆಗಳ ಲೆಕ್ಕದಲ್ಲಿ ಅಗ್ಗದ ಕಾರು ಅಗ್ಗವಾಗಿ ಉಳಿಯಲಿಲ್ಲ. ಪ್ಯಾರಿಸ್ ಪಕ್ಕದ ಲೆವಲ್ವಾ ಕಾರ್ಖಾನೆ 1988ರಲ್ಲಿ ಮುಚ್ಚಿತು. ಕೊನೆಯ 2ಸಿವಿ 1990ರ ಜುಲೈ 27ರಂದು ಪೋರ್ಚುಗಲ್ಲಿನ ಮಾಂಗ್ವಾಲ್ಡೆಯಲ್ಲಿ ಹೊರಬಂತು.

ಬಚ್ಚಿಟ್ಟ ಕಾರುಗಳ ವಿಷಯ ಬಾಕಿ ಇತ್ತಲ್ಲ. ಪ್ಯಾರಿಸ್‌ನ ಪಶ್ಚಿಮಕ್ಕೆ ಲಾ ಫೆರ್ತೆ-ವಿದಾಮ್ ಎಂಬಲ್ಲಿ ಸಿಟ್ರೊಯೆನ್‌ಗೆ ಕಾರು ಓಡಿಸಿ ಪರೀಕ್ಷಿಸುವ ಜಾಗ ಇತ್ತು. 1990ರ ದಶಕದ ನಡುವೆ, ಕೊನೆಯ 2ಸಿವಿ ಹೊರಬಿದ್ದು ಕೆಲವು ವರ್ಷಗಳಾದ ಮೇಲೆ, ಅಲ್ಲಿನ ಹಳೇ ಕಣಜದ ಅಟ್ಟದಲ್ಲಿ ಮೂರು ಟಿಪಿವಿಗಳು ಸಿಕ್ಕವು. ಅರ್ಧ ಶತಮಾನದ ಧೂಳು, ಬೂದು ಮೈ, ಒಂದೇ ಕಣ್ಣಿನ ಮೂತಿ.